ತಮ್ಮನಿಗೊಂದು ಹೋಟೆಲ್ ಹುಡುಕಿದೆ

"ಅಕ್ಕಾ, ಥೀಮ್ ಪಾರ್ಕಿಗೆ ಹತ್ತಿರ ಆಗೂವಂಥಾ ಒಂದು ಚಲೋ ಹೋಟೆಲ್ ನೋಡಿಡು."

ವಿಜಯಪುರದಿಂದ ತಮ್ಮ ಬಸು ಫೋನ್ ಮಾಡಿ ಹೀಗೆ ಹೇಳುವಾಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಸ್ಟೂಲ್ ಹತ್ತಿ ಲಾಫ್ಟ್‌ನಿಂದ ಗಾದಿ ಇಳಿಸುತ್ತಿದ್ದೆ. ಮಕ್ಕಳಿಗೆ ರಜೆ ಬಂದಿದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದ್‌ಗೆ ಬರುತ್ತೇನೆ ಅಂತ ಹಿಂದಿನ ದಿನವೇ ಹೇಳಿದ್ದ. ಬರುತ್ತೇನೆ ಅಂದರೆ ನಮ್ಮ ಮನೆಗೆ ತಾನೇ? ಬೇರೆ ಅರ್ಥ ಇದ್ದೀತು ಅಂತ ನನಗೆ ಹೊಳೆದಿರಲಿಲ್ಲ.

ಒಂದು ಕೈಯಲ್ಲಿ ಗಾದಿ, ಇನ್ನೊಂದು ಕೈಯಲ್ಲಿ ಫೋನ್.

"ಹೋಟೆಲ್ ಯಾಕೋ?" ಅಂತ ಕೇಳಬೇಕಿತ್ತು. ಕೇಳಲಿಲ್ಲ. "ಆತು, ನೋಡ್ತೀನಿ" ಅಂದುಬಿಟ್ಟೆ. ಫೋನ್ ಇಟ್ಟು ಗಾದಿಯನ್ನು ಮತ್ತೆ ಮೇಲಕ್ಕೆ ತಳ್ಳಿದೆ. ಇಳಿಸುವಾಗ ಹಗುರವಿದ್ದದ್ದು ಏರಿಸುವಾಗ ಯಾಕೆ ಅಷ್ಟು ಭಾರವಾಯಿತೋ.

ಕೊಂಡಾಪುರದ ನಮ್ಮ ಫ್ಲ್ಯಾಟ್ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ಬೆಡ್‌ರೂಮು, ಒಂದು ಹಾಲ್, ಬಟ್ಟೆ ಒಣಗಿಸಲಷ್ಟೇ ಸಾಕಾಗುವ ಬಾಲ್ಕನಿ. ಆದರೆ ನಮ್ಮ ಕಡೆಯವರ ಪಾಲಿಗೆ ಅದು ಬಾಡಿಗೆ ಇಲ್ಲದ ಲಾಡ್ಜ್. ಇಂಟರ್‌ವ್ಯೂಗೆ ಬಂದವರು ನಮ್ಮಲ್ಲಿ. ಆಸ್ಪತ್ರೆಗೆ ಬಂದವರು ನಮ್ಮಲ್ಲಿ. ಮಗಳ ಮದುವೆಗೆ ಸುಲ್ತಾನ್ ಬಜಾರಿನಲ್ಲಿ ಸೀರೆ ಆರಿಸಲು ಬಂದ ಹೆಂಗಸರ ದಂಡು, ಸೀರೆಯ ಗಂಟುಗಳ ಸಮೇತ, ನಮ್ಮಲ್ಲಿ. ಬಸು ಅಂತೂ ಅಮೀರ್‌ಪೇಟೆಯಲ್ಲಿ ಸಾಫ್ಟ್‌ವೇರ್ ಕೋರ್ಸ್ ಮಾಡುವಾಗ ಹಾಸ್ಟೆಲ್ ಊಟ ಸೇರದೆ ಬಂದವನು, ಕೋರ್ಸ್ ಮುಗಿದ ಮೇಲೂ ನಮ್ಮ ಹಾಲ್ ಬಿಟ್ಟು ಕದಲಿರಲಿಲ್ಲ. (ಕೋರ್ಸ್ ಕಲಿತದ್ದು ಸಾಫ್ಟ್‌ವೇರು, ಈಗ ನಡೆಸುತ್ತಿರುವುದು ಊರಲ್ಲಿ ಟೈಲ್ಸ್ ಅಂಗಡಿ.)

ಇದೆಲ್ಲ ನಡೆದದ್ದು ನಮ್ಮ ಮನೆಯವರಿಂದ. ಬಂದವರನ್ನು ಕಂಡರೆ ಅವರಿಗೆ ಹಬ್ಬ. ಲಿಫ್ಟ್ ನಿಂತ ಸದ್ದಿಗೇ ಬಾಗಿಲು ತೆಗೆದು ನಿಲ್ಲುತ್ತಿದ್ದರು. ಅವರ ನಗುವಿಗೆ ಮೇಲಿನ ಮನೆಯವರು ಕೆಳಗಿಳಿದು ಬಂದು "ಕೊಂಚೆಂ ಮೆಲ್ಲಗಾ, ಸಾರ್" ಅಂತ ಕೈ ಮುಗಿದು ಹೋದದ್ದುಂಟು.

ನಮ್ಮ ಮನೆಯವರು ತೀರಿಕೊಂಡದ್ದು ಹೋದ ವರ್ಷಕ್ಕೂ ಹಿಂದಿನ ವರ್ಷ. ತಿಥಿ ಮುಗಿದ ಮೇಲೆ ನಮ್ಮ ಮನೆಯಲ್ಲಿ ರಾತ್ರಿ ತಂಗಿದವರು ಅಂದರೆ ನಾನೊಬ್ಬಳೇ.

ಇರಲಿ. ಹೋಟೆಲ್ ಹುಡುಕಬೇಕಲ್ಲ?

ಹೈದರಾಬಾದಿನಲ್ಲಿ ಥೀಮ್ ಪಾರ್ಕುಗಳಿಗೆ ಹತ್ತಿರದ ಹೋಟೆಲ್ ಅಂದರೆ ಯಾವ ಪಾರ್ಕಿಗೆ ಹತ್ತಿರ, ಸ್ವಾಮಿ? ಫಿಲ್ಮ್ ಸಿಟಿ ಹಯಾತ್‌ನಗರ ದಾಟಿ ಪೂರ್ವಕ್ಕೆ. ದೊಡ್ಡ ವಾಟರ್ ಪಾರ್ಕ್ ದಕ್ಷಿಣಕ್ಕೆ, ಔಟರ್ ರಿಂಗ್ ರೋಡಿನ ಬದಿಗೆ. ಇನ್ನೊಂದು ಮೇಡ್ಚಲ್ ದಿಕ್ಕಿಗೆ. ಹಿಮದ ಪಾರ್ಕ್ ಹುಸೇನ್‌ಸಾಗರದ ದಂಡೆಗೆ. ಎಲ್ಲದಕ್ಕೂ ಹತ್ತಿರವಾಗುವ ಹೋಟೆಲ್ ಬೇಕೆಂದರೆ ಅದಕ್ಕೆ ಚಕ್ರ ಹಚ್ಚಿಸಬೇಕು. ಆದರೂ ವೆಬ್‌ಸೈಟುಗಳಲ್ಲಿ ಪ್ರತಿ ಹೋಟೆಲ್ಲೂ ಎಲ್ಲ ಪಾರ್ಕುಗಳಿಂದ "ಕೆಲವೇ ನಿಮಿಷ". ಟ್ರಾಫಿಕ್ ಇಲ್ಲದಾಗ ಅಂತೆ. ಈ ಊರಿನಲ್ಲಿ ಟ್ರಾಫಿಕ್ ಇಲ್ಲದ ಹೊತ್ತು ಯಾವುದು, ಅದನ್ನೂ ಅವರೇ ಬರೆದಿದ್ದರೆ ಉಪಕಾರವಾಗುತ್ತಿತ್ತು.

ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ರಿವ್ಯೂ ಓದುತ್ತ ಕೂತಿದ್ದೆ. ಪಕ್ಕದ ಸೀಟಿನ ಸ್ವರ್ಣಲತಾ ಬಗ್ಗಿ ನೋಡಿದರು. ತಮ್ಮ ಬರುತ್ತಿದ್ದಾನೆ ಅಂದೆ.

"ಮೀ ಇಲ್ಲು ಉಂದಿ ಕದಾ ಅಂಡಿ?"

ನಿಮ್ಮ ಮನೆ ಇದೆಯಲ್ಲ ಅಂತ. ಎಷ್ಟು ಸಹಜವಾದ ಪ್ರಶ್ನೆ! "ಅಪಾರ್ಟ್‌ಮೆಂಟಿನಲ್ಲಿ ನೀರಿಗೆ ತೊಂದರೆ" ಅಂದೆ. ಬೇಸಿಗೆಯಲ್ಲಿ ಕೊಂಡಾಪುರದವರು ಈ ಸುಳ್ಳು ಹೇಳಿದರೆ ಯಾರೂ ಅನುಮಾನಿಸುವುದಿಲ್ಲ.

ಕೊನೆಗೆ ಎಲ್.ಬಿ. ನಗರದ ಕಡೆ ಒಂದು ಹೋಟೆಲ್ ಸರಿ ಅನ್ನಿಸಿತು. ಫಿಲ್ಮ್ ಸಿಟಿಗೂ ವಾಟರ್ ಪಾರ್ಕಿಗೂ ಅಲ್ಲಿಂದ ಅನುಕೂಲ. ಫೋಟೋ ನಂಬುವುದು ಹೇಗೆ? ಭಾನುವಾರ ಮಿಯಾಪುರದಲ್ಲಿ ಮೆಟ್ರೋ ಹತ್ತಿ, ಊರಿನ ಈ ತುದಿಯಿಂದ ಆ ತುದಿಗೆ ನಾನೇ ನೋಡಲು ಹೋದೆ.

ಹೋಗುವಾಗ ಒಂದು ಆಸೆ ಇತ್ತು, ಹೇಳಿಬಿಡುತ್ತೇನೆ. ಹೋಟೆಲ್ ಕೆಟ್ಟದಾಗಿರಲಿ. ಬಾತ್‌ರೂಮಿನಲ್ಲಿ ಜಿರಳೆ ಇರಲಿ. "ಅಲ್ಲಿ ಬ್ಯಾಡಪಾ, ಸುಮ್ನ ಮನಿಗೇ ಬರ್ರಿ" ಅಂತ ಹೇಳುವುದಕ್ಕೆ ಒಂದು ನೆಪ ಸಿಗಲಿ.

ಎಲ್ಲಿಯ ಜಿರಳೆ? ರೂಮ್ ಲಕಲಕ ಅನ್ನುತ್ತಿತ್ತು. ಅಗಲವಾದ ಮಂಚ, ಮಕ್ಕಳಿಗೆ ಬೇರೆ ಹಾಸಿಗೆ, ಬಿಸಿನೀರು, ಕೆಳಗೆ ಸಣ್ಣದೊಂದು ಈಜುಕೊಳ. ನಾನು ನಲ್ಲಿ ತಿರುಗಿಸಿ ನೋಡಿದೆ. ಗಾದಿಯ ಮೇಲೆ ಕೂತು ಒತ್ತಿ ನೋಡಿದೆ. ಕಿಟಕಿಯ ಚಿಲಕ ಗಟ್ಟಿ ಇದೆಯೇ ಅಂತ ಎಳೆದೂ ನೋಡಿದೆ. ರೂಮ್ ತೋರಿಸುತ್ತಿದ್ದ ಮ್ಯಾನೇಜರ್ ನನ್ನ ಪರೀಕ್ಷೆ ಮುಗಿಯುವವರೆಗೆ ತಾಳ್ಮೆಯಿಂದ ನಿಂತಿದ್ದರು.

"ಆಪ್ ಭೀ ರಹರೇ ಕ್ಯಾ ಮೇಡಂ?" ನಾನೂ ಇಲ್ಲಿ ತಂಗುತ್ತೇನೆಯೇ ಅಂತ ಕೇಳಿದರು.

"ನಹೀಂ. ಮೇರಾ ಘರ್ ಇಧರಿಚ್ ಹೈ, ಕೊಂಡಾಪುರ್ ಮೇ."

"ತೋ ಫಿರ್..." ಅಂದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿ ಎ.ಸಿ. ರಿಮೋಟ್ ಎತ್ತಿಕೊಂಡರು. ನಾನು ಅಲ್ಲೇ ಅಡ್ವಾನ್ಸ್ ಕೊಟ್ಟು ಬುಕ್ ಮಾಡಿದೆ.

ಬಸು ಹೆಂಡತಿ ಮಕ್ಕಳೊಂದಿಗೆ ಬಂದ. ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಟೆಲಿಗೆ ಹೋದೆ. ಸ್ವಂತ ತಮ್ಮನನ್ನು ರಿಸೆಪ್ಷನ್ನಿನ ಸೋಫಾದಲ್ಲಿ ಕಾದು ಭೇಟಿಯಾದ ಅನುಭವ ನಿಮಗಿದೆಯೇ? ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತ ಹಾಗೆ ಇರುತ್ತದೆ. ಮಕ್ಕಳು, ಎತ್ತರ ಬೆಳೆದ ಸಮರ್ಥ ಮತ್ತು ಎರಡನೇ ಕ್ಲಾಸಿನ ಶ್ರಾವಣಿ, "ಅತ್ತೀ" ಅಂತ ಬಂದು ತಬ್ಬಿಕೊಂಡು ಈಜುಕೊಳಕ್ಕೆ ಓಡಿದರು. ಬಸು ನೆಲ ನೋಡುತ್ತ, "ರೂಮ್ ಮಸ್ತ್ ಐತಿ ಅಕ್ಕಾ. ನಾಳೆ ವಾಟರ್ ಪಾರ್ಕಿಗೆ ನೀನೂ ಬಾ" ಅಂದ.

ಹೋದೆ. ನನ್ನ ವಯಸ್ಸಿನವರಿಗೆ ವಾಟರ್ ಪಾರ್ಕಿನಲ್ಲಿ ಇರುವ ಉದ್ಯೋಗ ಒಂದೇ. ಬ್ಯಾಗು, ಫೋನು, ಕನ್ನಡಕ, ಚಪ್ಪಲಿ ಕಾಯುವುದು. ದೊಡ್ಡ ಕೊಡೆಯ ಕೆಳಗೆ ಒಂದು ಕುರ್ಚಿ ಹಿಡಿದು ಕೂತೆ. ಸುತ್ತ ನೋಡಿದರೆ ಪ್ರತಿ ಕೊಡೆಯ ಕೆಳಗೂ ನನ್ನಂಥ ಒಬ್ಬೊಬ್ಬರು ಒದ್ದೆ ಟವೆಲ್ಲುಗಳ ನಡುವೆ ಕೂತಿದ್ದರು. ಎದುರಿಗೆ ಮುಗಿಲೆತ್ತರದ ಜಾರುಬಂಡಿಯಿಂದ ಜನ ಕಿರುಚುತ್ತ ನೀರಿಗೆ ಬೀಳುತ್ತಿದ್ದರು. ಅಷ್ಟು ಗದ್ದಲದಲ್ಲಿ ಕೂತು ನಾನು ನನ್ನ ಹಾಲಿನಲ್ಲಿ ತಿರುಗುವ ಫ್ಯಾನಿನ ಸದ್ದು ನೆನೆಸಿಕೊಳ್ಳುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಬಸುವಿನ ಹೆಂಡತಿ ಸವಿತಾ ಒದ್ದೆ ಕೂದಲು ಹಿಂಡುತ್ತ ಬಂದು ಪಕ್ಕದಲ್ಲಿ ಕೂತಳು. ಬಸು ಮತ್ತು ಮಕ್ಕಳು ಜಾರುಬಂಡಿಯ ಕ್ಯೂನಲ್ಲಿದ್ದರು. ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾರೆ ಅನ್ನಿಸಿತು.

"ಸವಿತಾ, ನಮ್ಮನಿ ಇರೂವಾಗ ಹೋಟೆಲ್ ಯಾಕ ಬೇಕಾತವಾ? ಖರೇ ಹೇಳು."

"ಪಾರ್ಕಿಗೆ ಹತ್ತಿರ ಆಕ್ಕೈತಿ ಅಂತ್ರಿ ಅಕ್ಕಾರ."

"ಮೊದಲೂ ಪಾರ್ಕ್ ಇಲ್ಲೇ ಇದ್ದುವಲ್ಲ?"

ಅವಳು ದುಪಟ್ಟಾದ ಅಂಚು ಹಿಂಡಿದಳು. ಅದರಲ್ಲಿ ನೀರೇ ಉಳಿದಿರಲಿಲ್ಲ.

"ಸಿಟ್ಟಾಗಬ್ಯಾಡ್ರಿ. ಹ್ವಾದ ವರ್ಷ ಮದುವಿಗೆ ಬಂದಾಗ ಮಧ್ಯಾಹ್ನ ನಿಮ್ಮನಿಗೆ ಊಟಕ್ಕ ಬಂದಿದ್ವಲ್ರಿ? ಅವತ್ತು ಶ್ರಾವಣಿ ಟಿವಿ ನೋಡ್ಕೊಂತ ಜೋರಾಗಿ ನಕ್ಕಳ್ರಿ. ಇವರು ಓಡಿಬಂದು ಅಕಿ ಬಾಯಿ ಮುಚ್ಚಿದ್ರು. 'ಅತ್ತಿ ಮನ್ಯಾಗ ಹಂಗ ನಗಬಾರದು' ಅಂದ್ರು. ಕೂಸು ಅಂಜಿಬಿಟ್ಟಳ್ರಿ. ಈ ಸಲ ಹೊಂಡೂ ಮೊದಲ ಕೇಳಿದಳು, ಅತ್ತಿ ಮನ್ಯಾಗ ಇದ್ರ ಆಡಬಾರದೇನು ಅಂತ. ನಾವು ಇಲ್ಲಿ ಮಜಾ ಮಾಡಿ, ಕುಣಕೋಂತ ಬಂದು ನಿಮ್ಮ ಮುಂದ ಹೆಂಗ ಕುಂದರೂದ್ರಿ?"

"ನಾನು ಯಾರಿಗರ ನಗಬ್ಯಾಡ್ರಿ ಅಂದಿದ್ನೇನು?"

"ನೀವು ಅಂದಿಲ್ರಿ ಅಕ್ಕಾರ. ನಮಗ ಹಂಗ ಅನಸ್ತೈತಿ."

ಏನು ಹೇಳಲಿ? ಸಾವಿನ ಮನೆಗೆ ತಿಥಿ ಮುಗಿಯುವ ತನಕ ಜನವೋ ಜನ. ಆಮೇಲೆ ಶುರುವಾಗುವುದು ಗೌರವ. ನಮ್ಮ ಮುಂದೆ ಜೋಕ್ ಹೇಳುವುದಿಲ್ಲ. ಹುಟ್ಟುಹಬ್ಬಕ್ಕೆ ಕರೆಯಲು ಹಿಂದೆಮುಂದೆ ನೋಡುತ್ತಾರೆ. ಫೋನಿನಲ್ಲಿ ಆಸ್ಪತ್ರೆಯಲ್ಲಿದ್ದಂತೆ ಮೆಲ್ಲಗೆ ಮಾತಾಡುತ್ತಾರೆ. ಯಾರ ಮನಸ್ಸೂ ಕೆಟ್ಟದ್ದಲ್ಲ. ಕೆಟ್ಟದ್ದಾಗಿದ್ದರೆ ಜಗಳ ಆಡಬಹುದಿತ್ತು.

"ನನಗ ಸಪ್ಪಳ ಬೇಕವಾ" ಅಂದೆ. "ಮನಿ ತುಂಬ ಸಪ್ಪಳ ಬೇಕು."

ಸವಿತಾ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

ಹೊರಡುವ ದಿನ ಬೆಳಿಗ್ಗೆ ಬಸು ಫೋನ್ ಮಾಡಿದ. "ಅಕ್ಕಾ, ಬಸ್ ಸಂಜಿಗಿ ಐತಿ. ಅಲ್ಲೀತನಕ ಮನಿಗೆ ಬರಲೇನು?" ಹಿಂದೆ ಒಂದು ಸಲವಾದರೂ ಹೀಗೆ ಅಪ್ಪಣೆ ಕೇಳಿದ್ದನೇ?

ಬಂದರು. ಮಕ್ಕಳು ಸೋಫಾದ ತುದಿಯಲ್ಲಿ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತರು. ಇದೇ ಸಮರ್ಥ ಹಿಂದೊಮ್ಮೆ ಕುಣಿದು ಕುಣಿದು ಆ ಸೋಫಾದ ಸ್ಪ್ರಿಂಗ್ ಮುರಿದವನು. ನಾನು ಟಿವಿ ಹಾಕಿದೆ, ದನಿ ಏರಿಸಿದೆ. ಸಮರ್ಥ ಎದ್ದು ಬಂದು ಮರ್ಯಾದೆಯಿಂದ ಅದನ್ನು ಇಳಿಸಿದ.

ಆಗ ಸವಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಶ್ರಾವಣೀ, ಜಾರುಬಂಡ್ಯಾಗ ಪಪ್ಪಾ ಹೆಂಗ ಒದರಿದ್ರು, ಅತ್ತಿಗೆ ಮಾಡಿ ತೋರ್ಸು" ಅಂದಳು.

ಹುಡುಗಿ ಅಪ್ಪನ ಮುಖ ನೋಡಿದಳು. ನನ್ನ ಮುಖ ನೋಡಿದಳು. "ಮಾಡು, ನೋಡೂಣು" ಅಂದೆ. ಅವಳು ಸೋಫಾದ ಕೈ ಮೇಲೆ ಹತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈ ಎತ್ತಿ, "ಯವ್ವಾ ಸತ್ನ್ಯೋ! ಸವಿತಾ, ಹಿಡಕೋ ನನ್ನ!" ಅಂತ ಕಿರುಚಿ ದಿಂಬುಗಳ ಮೇಲೆ ಜಾರಿ ಬಿದ್ದಳು.

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಕ್ಕಳೂ ನಕ್ಕರು. ಸಮರ್ಥ ತಂಗಿಯನ್ನು ತಳ್ಳಿ, ಪಪ್ಪಾ ಒದರಿದ್ದು ಇನ್ನೂ ಜೋರಾಗಿತ್ತು ಅಂತ ತಾನೇ ಮಾಡಿ ತೋರಿಸಿದ. ಬಸು ಕೂಡ ನಗತೊಡಗಿದ. ನಗುತ್ತ ನಗುತ್ತಲೇ ಎದ್ದು ಬಾಲ್ಕನಿಗೆ ಹೋದ. ಬಹಳ ಹೊತ್ತಾದರೂ ಒಳಗೆ ಬರಲಿಲ್ಲ.

ಚಹಾ ಹಿಡಿದುಕೊಂಡು ಹೋದೆ. ಒಣಹಾಕಿದ ಬಟ್ಟೆಗಳ ಹಿಂದೆ, ಬೆನ್ನು ಮಾಡಿ ನಿಂತಿದ್ದ. ಹೆಗಲು ಅಲ್ಲಾಡುತ್ತಿತ್ತು. ತಾನು ಮಾವ ಅಂತ ಕರೆಯುತ್ತಿದ್ದ ಭಾವ ಹೋದ ದಿನ ಎಲ್ಲ ವ್ಯವಸ್ಥೆ ತಾನೇ ನೋಡಿಕೊಂಡು, ಒಂದು ಹನಿ ಕಣ್ಣೀರನ್ನೂ ಹಾಕದಿದ್ದವನು.

"ಏನಾತೋ ಬಸು?"

"ಸವಿತಾ ನಿನಗ ಹೇಳಿದ್ದು ಅರ್ಧ ಖರೇ ಅಕ್ಕಾ" ಅಂದ. "ನಿನಗ ಬ್ಯಾಸರ ಆಗಬಾರದು ಅಂತ ನಾನು ಮಕ್ಕಳ ಮುಂದ ಹೇಳೂದು. ಖರೇ ಅಂದ್ರ ನನಗ ಈ ಮನಿಗೆ ಬರಾಕ ಆಗಂಗಿಲ್ಲ. ಲಿಫ್ಟಿನಿಂದ ಹೊರಗ ಬಂದ ಕೂಡ್ಲೇ ಮಾವಾರು 'ಬಂದ್ಯೇನೋ ಬಸ್ಯಾ?' ಅಂತಾರ ಅನಸ್ತೈತಿ. ಅನ್ನಂಗಿಲ್ಲ. ಅಲ್ಲಿಂದನ ತಿರುಗಿ ಓಡಿ ಹೋಗಬೇಕು ಅನಸ್ತೈತಿ. ಹೋಟೆಲ್ನ್ಯಾಗ ಹಂಗಿಲ್ಲ. ಅಲ್ಲಿ ಮೊದಲಿಂದ ಯಾರೂ ಇರಂಗಿಲ್ಲ. ಇಲ್ಲಾಂತ ಅನಸಂಗೂ ಇಲ್ಲ."

ನಾನು ಚಹಾದ ಕಪ್ಪನ್ನು ಬಾಲ್ಕನಿಯ ಮೋಟುಗೋಡೆಯ ಮೇಲಿಟ್ಟು ಅವನ ಬೆನ್ನ ಮೇಲೆ ಕೈಯಾಡಿಸಿದೆ. ನನ್ನನ್ನು ನೋಯಿಸಬಾರದೆಂದು ಎಲ್ಲರೂ ದೂರ ಇದ್ದಾರೆ ಅಂತ ತಿಳಿದಿದ್ದೆ. ಹಾಗಲ್ಲ. ಅವರಿಗೂ ನೋವಿದೆ, ಮತ್ತು ಆ ನೋವಿಗೆ ನನ್ನ ಮನೆಯೇ ವಿಳಾಸ. ನನ್ನ ಗಂಡನನ್ನು ಕಳೆದುಕೊಂಡವಳು ನಾನೊಬ್ಬಳೇ ಅಲ್ಲ ಅಂತ ಗೊತ್ತಾಗಿ ಆ ಕ್ಷಣ ಎದೆ ಸ್ವಲ್ಪ ಹಗುರವಾದದ್ದು ನಿಜ.

ಸಂಜೆ ಕೆಳಗೆ ಕ್ಯಾಬ್ ಬಂತು. ಮಕ್ಕಳು ಮೆಟ್ಟಿಲ ತುಂಬ ಗದ್ದಲ ಮಾಡುತ್ತ ಇಳಿದರು. ಯಾರೂ ಸುಮ್ಮನಿರಿ ಅನ್ನಲಿಲ್ಲ. ಬಸು ಕ್ಯಾಬಿನ ಕಿಟಕಿಯಿಂದ, "ಮುಂದಿನ ಸಲ ಇಲ್ಲೇ ಇಳಕೊಂತೀವಿ ಅಕ್ಕಾ" ಅಂದ. "ಹೂಂ" ಅಂದೆ. ಹೇಳುವಾಗ ಅವನು ಮನಸ್ಸಿಟ್ಟೇ ಹೇಳಿದ. ಲಿಫ್ಟಿನಿಂದ ಹೊರಗೆ ಬಂದ ಮೇಲಿನ ನಾಲ್ಕು ಹೆಜ್ಜೆ ಅವನಿಗೆ ಎಷ್ಟು ದೂರ ಅಂತಲೂ ನನಗೆ ಈಗ ಗೊತ್ತಿದೆ.

ಮೇಲೆ ಬಂದು ದಿಂಬುಗಳನ್ನು ಎತ್ತಿಡಲು ಹೋದೆ. ಮನಸ್ಸಾಗಲಿಲ್ಲ, ಹಾಗೇ ಬಿಟ್ಟೆ.

ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವರಿಲ್ಲದ ಮನೆ ಅವನಿಂದ ಸಹಿಸಲಾಗಲಿಲ್ಲ, ಅವನಿಗೆ ಅನುಕೂಲವಾದ ಒಂದು ಹೋಟೆಲ್ ನಾನೇ ನಿಂತು ಹುಡುಕಿಕೊಟ್ಟೆ. ದಿನವೂ ಆಫೀಸಿನಿಂದ ಬಂದು ಅದೇ ಬಾಗಿಲಿನ ಬೀಗ ತೆಗೆಯುವ ನಾನು ಎಲ್ಲಿ ರೂಮ್ ಬುಕ್ ಮಾಡಲಿ, ನೀವೇ ಹೇಳಿ?