ಕೈ ಬಿಟ್ಟವರು

ಅವರ ಬಲಗೈಯ ಕಿರುಬೆರಳು ನೆಟ್ಟಗಿರಲಿಲ್ಲ. ಬುಡದಿಂದ ಹೊರಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಒಳಕ್ಕೆ ತಿರುಗಿ, ಕುಡಗೋಲಿನ ಹಾಗೆ ಗಟ್ಟಿಯಾಗಿ ನಿಂತುಬಿಟ್ಟಿತ್ತು. ನಾನು ಕೊಟ್ಟ ಚಹಾದ ಲೋಟವನ್ನು ಹಿಡಿದಾಗ ಉಳಿದ ಬೆರಳುಗಳು ಲೋಟಕ್ಕೆ ಅಂಟಿಕೊಳ್ಳುತ್ತಿದ್ದವು. ಅದೊಂದು ಮಾತ್ರ ಬೇರೆ ಯಾರದೋ ಕೈಗೆ ಕಾದಂತೆ ದೂರ ಉಳಿಯುತ್ತಿತ್ತು.

ಗಜೇಂದ್ರಗಡದಲ್ಲಿ ನಮ್ಮ ಮನೆಯ ಹಿತ್ತಲಿಗೆ ಒಂದು ಖೋಲಿ ಇದೆ. ಅವರು ಅಲ್ಲಿಗೆ ಬಾಡಿಗೆಗೆ ಬಂದವರು. ಹೆಸರು ಹಿಡಿದು ನಾನು ಕರೆದದ್ದಿಲ್ಲ. ನಮ್ಮ ಮನೆಯಲ್ಲಿ ಅವರು ಹಿಂದಿನ ಖೋಲಿಯವರು, ಅಷ್ಟೆ. ಊರು ಅಬ್ಬಿಗೇರಿ. ತಂದೆ ತಾಯಿ ಮಂದಿಯ ಹೊಲಕ್ಕೆ ಕೂಲಿ ಹೋಗಿ ಸಾಕಿದ ಮಗ. ಕಬಡ್ಡಿ ಆಡುತ್ತ ಆಡುತ್ತ ದೊಡ್ಡ ತಂಡ ಸೇರಿ, ಪಗಾರ ತೆಗೆದುಕೊಂಡು ಆಡಿದವರು, ಟೀವಿಯಲ್ಲಿ ಬಂದವರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸಿ ಬಂದು, ಸಂಜೆಯವರೆಗೆ ಖೋಲಿಯ ಬಾಗಿಲಲ್ಲಿ ಒಬ್ಬರೇ ಕೂತಿರುತ್ತಿದ್ದರು.

ಅವರು ಬಂದ ವಾರದಲ್ಲೇ ಹಿಟ್ಟಿನ ಗಿರಣಿಯಲ್ಲಿ ಒಬ್ಬಾಕೆ ನನ್ನ ಕಿವಿ ಕಚ್ಚಿದಳು. “ಅಕ್ಕಾರ, ಎಂಥಾವಗ ಖೋಲಿ ಕೊಟ್ಟೀರಿ? ಊರಾಗೆಲ್ಲಾ ಅಂವಗ ಕೈ ಬಿಟ್ಟಾಂವ ಅಂತಾರ.”

ಕೈ ಹಿಡಿಯುವುದೆಂದರೆ ಮದುವೆ, ಕೈ ಬಿಡುವುದೆಂದರೆ ಕಟ್ಟಿಕೊಂಡವಳನ್ನು ನಡುನೀರಿನಲ್ಲಿ ಬಿಡುವುದು. ನನಗೆ ಗೊತ್ತಿದ್ದದ್ದು ಅದೇ. ಹಿಟ್ಟಿನ ಬುಟ್ಟಿ ಹೊತ್ತು ಬರುವಷ್ಟರಲ್ಲಿ ಆ ಹೆಣ್ಣುಮಗಳು ನನ್ನ ಕಣ್ಣೆದುರು ತವರಿನ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅವರು ನೀರು ಹಿಡಿಯಲು ಹಿತ್ತಲ ನಳಕ್ಕೆ ಬಂದಾಗ ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

“ಕೈ ಹಿಡಿದಾಕೀನ್ನ ಬಿಟ್ಟು ಬಂದಾವ್ರನ್ನ ನಾ ಮನ್ಯಾಗ ಇಟ್ಕೊಳ್ಳೂದಿಲ್ರಿ. ಖರೇ ಹೇಳ್ರಿ, ಆಕಿ ಎಲ್ಲದಾಳ?”

ಅವರು ಕೊಡ ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

“ಆಕಿ ಅಲ್ರಿ ಅಕ್ಕಾರ, ಆಂವ! ನಂದಿನ್ನೂ ಲಗ್ನಾನ ಆಗಿಲ್ಲ. ನಾ ಬಿಟ್ಟದ್ದು ನಮ್ಮ ಕ್ಯಾಪ್ಟನ್‌ನ ಕೈ.”

ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ನನ್ನ ತಿಳಿಗೇಡಿತನದಿಂದಲಾದರೂ ಅಷ್ಟು ನಗಿಸಿದಳಲ್ಲ ನಮ್ಮ ದೇವಿ ಇಟಗಿ ಭೀಮವ್ವ ಎಂದು ಈಗಲೂ ಕೈ ಮುಗಿಯುತ್ತೇನೆ.

ಆ ಕಥೆಯನ್ನು ಅವರು ಅಡುಗೆಮನೆಯ ಹೊಸ್ತಿಲಾಚೆ ಕೂತು ಹೇಳಿದರು, ನಾನು ರೊಟ್ಟಿ ಬಡಿಯುತ್ತ ಕೇಳಿದೆ. ಕಬಡ್ಡಿಯಲ್ಲಿ ಎದುರಾಳಿ ಒಬ್ಬನೇ ನುಗ್ಗಿ ಬರುವಾಗ ಈ ಕಡೆಯವರು ಇಬ್ಬಿಬ್ಬರು ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತಾರೆ. ಇವರು ಮೂಲೆಯ ಆಟಗಾರ. ಇವರ ಬಲಕ್ಕೆ ಕ್ಯಾಪ್ಟನ್. ಅವನು ನರಗುಂದದವನು. ರೋಣದಲ್ಲಿ ಇಬ್ಬರೂ ಒಂದೇ ಶಾಲೆ, ಒಂದೇ ಹಾಸ್ಟೆಲ್, ಒಂದೇ ತಾಟಿನಲ್ಲಿ ಊಟ. ಹುಡುಗರಾಗಿದ್ದಾಗಿನಿಂದ ಅವನ ಕೈಯನ್ನು ಹಿಡಿದೂ ಹಿಡಿದೂ, ಎದುರಾಳಿಯನ್ನು ಕೆಡವುವಾಗ ತಿರುಚಿಕೊಂಡೂ, ಆ ಬೆರಳು ಅವನ ಹಿಡಿತದ ಆಕಾರಕ್ಕೆ ಬಾಗಿತ್ತು.

ಒಂದು ಪಂದ್ಯದಲ್ಲಿ ಎದುರು ತಂಡದಿಂದ ಒಬ್ಬ ಹೊಸ ಹುಡುಗ ಬಂದನಂತೆ. ಯಲ್ಲಾಪುರದ ಕಡೆಯ ಸಿದ್ದಿ ಹುಡುಗ. ಅವರ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಈಗ ಅವರದೂ ಇದೇ ನೆಲ, ಆಡುವುದೂ ಕನ್ನಡವೇ. ಹುಡುಗ ಗಾಳಿಯ ಹಾಗೆ ನುಗ್ಗಿ ಬಂದು ಇವರನ್ನೆಲ್ಲ ಮುಟ್ಟಿ ಹೋಗುತ್ತಿದ್ದ. ಕ್ಯಾಪ್ಟನ್‌ಗೆ ತಡೆಯಲಾಗಲಿಲ್ಲ. ಹುಡುಗ ಮತ್ತೊಮ್ಮೆ ಬಂದಾಗ ಅವನ ಬಣ್ಣಕ್ಕೆ, ಕೂದಲಿಗೆ, ಹುಟ್ಟಿಗೆ ಸೇರಿಸಿ ಕ್ಯಾಪ್ಟನ್ ಒಂದು ಮಾತು ಅಂದ.

ಯಾವ ಮಾತು ಎಂದು ಕೇಳಿದೆ. ಅವರು ಒಳಗೆ ನೋಡಿದರು. “ನಿಮ್ಮ ದೇವರ ಜಗಲಿ ಕಾಣಾಕತ್ತೈತ್ರಿ ಅಕ್ಕಾರ. ಇಲ್ಲಿ ಬ್ಯಾಡ.”

ಹಾಗಾಗಿ ಆ ಮಾತು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದೂ ಒಂದು ಪುಣ್ಯವೇ.

“ನುಗ್ಗಿ ಬಂದಾಂವ ‘ಕಬಡ್ಡಿ ಕಬಡ್ಡಿ’ ಅಂತ ಅಂದಕೊಂತನ ಇರಬೇಕ್ರಿ,” ಎಂದರು. “ಉಸಿರು ಕಡೀತಂದ್ರ ಔಟ್. ಆ ಮಾತು ಕಿವ್ಯಾಗ ಬಿದ್ದಕೂಡ್ಲೆ ಹುಡುಗ ಹಂಗ ನಿಂತಬಿಟ್ಟ. ಉಸಿರು ಕಡೀತು. ಪಾಯಿಂಟ್ ನಮಗ ಬಂತು. ಯಾರೂ ಅವನ್ನ ಮುಟ್ಟಲಿಲ್ರಿ, ಹಿಡೀಲಿಲ್ಲ. ಬರೇ ಮಾತಿನಿಂದ ಕೆಡವಿದ್ವಿ. ಕ್ಯಾಪ್ಟನ್ ಖುಷೀಲೆ ಕೈ ಎತ್ತಿದ. ಅವನ ಕೈಯಾಗ ನನ್ನ ಕೈ ಇತ್ತಲ್ರಿ, ಅದೂ ಮ್ಯಾಲ ಹೋತು.”

ತವೆಯ ಮೇಲಿನ ರೊಟ್ಟಿ ಸೀದಿತ್ತು. ನನಗೆ ಅದರ ಪರಿವೆಯೇ ಇರಲಿಲ್ಲ.

ರೆಫರಿಗೆ ಕೇಳಿರಲಿಲ್ಲ. ಟೀವಿಯವರಿಗೂ ಕೇಳಿರಲಿಲ್ಲ. ಕೇಳಿಸಿಕೊಂಡವರು ತಂಡದವರು ಮಾತ್ರ. ಆ ಸಂಜೆ ಇವರು ಅದನ್ನು ಎತ್ತಿದಾಗ ಒಬ್ಬ ನಕ್ಕನಂತೆ. ಒಬ್ಬ ಕಿವಿಗೆ ಹಾಡು ಹಚ್ಚಿಕೊಂಡು ಗೋಡೆಯ ಕಡೆ ಹೊರಳಿದನಂತೆ. ತರಬೇತಿ ಕೊಡುವವರು, ಹೊರಗಿನವರಿಗೆ ಗೊತ್ತಾಗಿಲ್ಲ, ನೀವೂ ಬಾಯಿ ಮುಚ್ಚಿಕೊಂಡಿರಿ ಎಂದರಂತೆ. ಎಲ್ಲರೂ ಮಲಗಲು ಹೋದ ಮೇಲೆ ಒಬ್ಬ ಹತ್ತಿರ ಬಂದು, “ನೀ ಅನ್ನೂದು ಖರೇ ಐತಿ, ಆದ್ರ ನನಗ ಸಣ್ಣ ಸಣ್ಣ ಮಕ್ಕಳದಾವಪಾ,” ಎಂದು ಭುಜ ತಟ್ಟಿ ಹೋದನಂತೆ. ಕ್ಯಾಪ್ಟನ್ ಮಾತ್ರ ನೇರ ಕೇಳಿದ: “ಯಾವನೋ ಅಂವ? ಅವನ ಸಲುವಾಗಿ ನನ್ನ ಕೂಡ ಜಗಳ ತಗೀತೀಯೇನೋ?”

ಮುಂದಿನ ಪಂದ್ಯದಲ್ಲಿ ಕ್ಯಾಪ್ಟನ್ ಅಭ್ಯಾಸದಂತೆ ಕೈ ಚಾಚಿದ. ಇವರು ಹಿಡಿಯಲಿಲ್ಲ. “ಮೊದಲ ಆ ಹುಡುಗನ ಕೈ ಹಿಡದು ತಪ್ಪಾತು ಅನ್ನು. ಆಮ್ಯಾಲ ನನ್ನ ಕೈ ಹಿಡಿ,” ಎಂದರು. ಸರಪಳಿ ಇಲ್ಲದೆ ಮೂಲೆ ಒಡೆಯಿತು, ಪಂದ್ಯ ಹೋಯಿತು. ಆಮೇಲೆ ಇವರನ್ನು ಹೊರಗೆ ಕೂಡಿಸಿದರು. ಮರುವರ್ಷ ಯಾವ ತಂಡವೂ ಕರೆಯಲಿಲ್ಲ. ಊರಿಗೆ ಬರುವ ಮೊದಲೇ ಹೆಸರು ಬಂದು ಕೂತಿತ್ತು: ಕೈ ಬಿಟ್ಟಾಂವ.

“ಯಾರೂ ನಿಮ್ಮ ಕೂಡ ನಿಲ್ಲಲಿಲ್ಲೇನ್ರಿ?” ಎಂದೆ.

“ನಿಂತಿದ್ರಲ್ರಿ. ಎಲ್ಲಾರೂ ಬಾಜೂಕನ ನಿಂತಿದ್ರು. ಕೈ ಅಷ್ಟ ಕೊಡಲಿಲ್ಲ.”

ಆ ದಿನ ನಮ್ಮ ಮನೆಯವರು ಊಟಕ್ಕೆ ಕೂತಾಗ ಎಲ್ಲ ಹೇಳಿದೆ. “ಒಂದ ಮಾತಿಗೆ ಇಷ್ಟ ಮಾಡ್ಕೋಬೇಕೇನ? ಬಜಾರದಾಗ ದಿನಾ ಎಷ್ಟ ಬೈಗಳ ಹಾರತಾವ,” ಎಂದರು. “ಆ ಮಾತು ಹಿಡಕೊಂಡ ನಿಮಗ ಯಾರರ ಬೈದಿದ್ರ ಹಿಂಗ ಉಣ್ಣತಿದ್ರೇನು?” ಎಂದು ಕೇಳಿದೆ. ಅವರು ಪಲ್ಯ ಹಾಕು ಎಂದರು. ಆದರೆ ಖೋಲಿ ಬಿಡಿಸುವ ಮಾತನ್ನು ಎತ್ತಲಿಲ್ಲ. ನನಗೆ ಅಷ್ಟೇ ಸಾಕಿತ್ತು.

ಊರು ಮಾತ್ರ ಸುಮ್ಮನಿರಲಿಲ್ಲ. ಚಹಾದ ಅಂಗಡಿಯಲ್ಲಿ ಒಬ್ಬ, “ಏ ಕೈ ಬಿಟ್ಟಾಂವ, ಕಪ್ ಆದ್ರೂ ಗಟ್ಟಿ ಹಿಡಿಯೋ ಮಾರಾಯಾ,” ಎಂದನಂತೆ. ಇವರು, “ಕಪ್ ಯಾರಿಗೂ ಏನೂ ಅಂದಿಲ್ಲಲ್ರಿ, ಹಿಡೀತೀನಿ,” ಎಂದರಂತೆ. ಅಂಗಡಿಯೇ ನಕ್ಕಿತು. ಆದರೆ ಮರುದಿನದಿಂದ ಇವರು ಅಲ್ಲಿಗೆ ಹೋಗಲಿಲ್ಲ. ಚಹಾ ನಾನೇ ಕೊಡತೊಡಗಿದೆ.

ಅವರಿಗೊಂದು ರೂಢಿ ಇತ್ತು. ಎಲ್ಲಿ ಕೂತರೂ ಬಲಗಡೆ ಒಬ್ಬರ ಜಾಗ ಬಿಟ್ಟು ಕೂಡುತ್ತಿದ್ದರು. ನಮ್ಮ ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಕಾಲಕಾಲೇಶ್ವರನ ಗುಡಿಯ ಮೆಟ್ಟಿಲ ಮೇಲೆ ಕೂಡ. ನಾನು ಒಮ್ಮೆ, “ಅಲ್ಲಿ ಯಾರ ಬರತಾರ್ರಿ?” ಎಂದು ಚೇಷ್ಟೆ ಮಾಡಿದೆ. “ಬಂದ್ರ ಜಾಗಾ ಬೇಕಲ್ರಿ,” ಎಂದರು. ಚೇಷ್ಟೆಗೆ ಚೇಷ್ಟೆಯ ಉತ್ತರ ಅಲ್ಲ ಅದು. ಅವರು ನಿಜವಾಗಿಯೂ ಕಾಯುತ್ತಿದ್ದರು.

ನಮ್ಮ ಮನೆಯವರು ಟೀವಿಯಲ್ಲಿ ಕಬಡ್ಡಿ ಹಚ್ಚಿದರೆ ಇವರು ಬಾಗಿಲಲ್ಲಿ ನಿಂತೇ ನೋಡುತ್ತಿದ್ದರು. ಆಟ ಅಲ್ಲ, ಕ್ಯಾಪ್ಟನ್‌ನ ಎಡಗೈ. “ಈಗಿನ ಹುಡುಗ ತಪ್ಪ ಹಿಡ್ಯಾಕತ್ತಾನ್ರಿ. ಅಂವಗ ಮಣಿಕಟ್ಟಿನಾಗ ಹಳೇ ನೋವೈತಿ,” ಎಂದು ಚಡಪಡಿಸುತ್ತಿದ್ದರು. ದ್ವೇಷ ಇದ್ದವರ ಮಾತು ಇದಲ್ಲ. ಪ್ರೀತಿ ಇಟ್ಟುಕೊಂಡೇ ಕೈ ಬಿಡುವುದು ಎಷ್ಟು ಕಷ್ಟ ಎಂದು ಆ ಬಾಗಿಲಲ್ಲಿ ನೋಡಿದೆ.

ಕ್ಯಾಪ್ಟನ್ ಒಮ್ಮೆ ಫೋನ್ ಮಾಡಿದ್ದ. ಇವರು ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದರು, ಒದ್ದೆ ಕೈ ಎಂದು ಫೋನನ್ನು ಕಟ್ಟೆಯ ಮೇಲಿಟ್ಟು ದೊಡ್ಡ ದನಿಯಲ್ಲಿ ಹಚ್ಚಿದ್ದರು. “ಆದದ್ದಾತು, ಬಾರೋ ಮಗನ,” ಎಂದಿತು ಆ ದನಿ. “ಹುಡುಗಗ ಹೇಳೀಯೇನು?” ಎಂದರು ಇವರು. ಫೋನಿನಲ್ಲಿ ಯಾವುದೋ ಬಸ್ಸಿನ ಹಾರ್ನ್ ಕೇಳಿಸಿತು, ಆಮೇಲೆ ಫೋನ್ ಕಟ್ ಆಯಿತು. ಇವರು ಮತ್ತೆ ಅರಿವೆ ಹಿಂಡತೊಡಗಿದರು, ಹಿಂಡಿದ್ದನ್ನೇ ಹಿಂಡಿದರು.

ಆ ಸಿದ್ದಿ ಹುಡುಗನೂ ಎಲ್ಲಿಂದಲೋ ನಂಬರ್ ಹುಡುಕಿ ಮಾತಾಡಿದ್ದನಂತೆ. ನನ್ನ ಸಲುವಾಗಿ ನಿಮ್ಮ ಆಟ ಹೋಯಿತಲ್ಲ ಅಣ್ಣಾ ಎಂದು ಅತ್ತನಂತೆ. “ನಿನ್ನ ಸಲುವಾಗಿ ಅಲ್ಲೋ ತಮ್ಮಾ, ನನ್ನ ಕೈ ಸಲುವಾಗಿ ಅಂದೆ,” ಎಂದು ನನಗೆ ಹೇಳಿದರು. “ಸರಪಳ್ಯಾಗ ನಿಂತಮ್ಯಾಲ ಒಬ್ಬನ ಬಾಯಿ ಎಲ್ಲಾರ ಬಾಯಿ ಆಕ್ಕೈತ್ರಿ ಅಕ್ಕಾರ.”

ಕಳೆದ ಬೇಸಿಗೆಯಲ್ಲಿ ಅವರಿಗೆ ಕಾಮಣಿ ಆಯಿತು. ಕಣ್ಣು ಅರಿಶಿಣವಾದವು. ಹಳ್ಳಿಯ ಔಷಧ ಎಂದು ದಿನ ಕಳೆದು, ಗದಗಿನ ದವಾಖಾನೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು. ನಾನು ಭೀಮವ್ವನ ಭಂಡಾರ ಹಚ್ಚಿ ಪಕ್ಕದಲ್ಲಿ ಕೂತೆ. ಹೊರಗಿನವರು ಕೂಡುವಂತಿಲ್ಲ ಎನ್ನಬಹುದಿದ್ದ ನರ್ಸಮ್ಮ ನನಗೊಂದು ಸ್ಟೂಲು ಕೊಟ್ಟಳು, ದೇವರು ಅವಳನ್ನು ಚಲೋ ಇಟ್ಟಿರಲಿ. ಅವರ ಬಲಗೈ ಹಾಸಿಗೆಯ ಅಂಚಿನಲ್ಲಿ ತೆರೆದು ಬಿದ್ದಿತ್ತು. ಹಿಡಿದುಕೊಂಡೆ. ಬೆರಳು ನನ್ನ ಕೈಯಲ್ಲಿ ಹೇಗೆ ಮಾಡಿದರೂ ಕೂಡಲಿಲ್ಲ.

“ಅದು ನಿಮ್ಮ ಕೈಯಾಗ ಕೂಡೂದಿಲ್ರಿ ಅಕ್ಕಾರ,” ಎಂದರು. “ಇರಲಿ, ಬಿಡಬ್ಯಾಡ್ರಿ.”

ಬಿಡಲಿಲ್ಲ.

ಅವರು ಉಳಿಯಲಿಲ್ಲ. ಅಬ್ಬಿಗೇರಿಯ ಅವರ ಮನೆಯ ಅಂಗಳದಲ್ಲಿ, ತೀರಿಕೊಂಡವರನ್ನು ಕೂಡಿಸುವ ನಮ್ಮ ಲಿಂಗಾಯತರ ಪದ್ಧತಿಯಂತೆ, ಹಣೆಗೆ ವಿಭೂತಿ ಹಚ್ಚಿ ಕುಳ್ಳಿರಿಸಿದ್ದರು. ಎಡಗೈಯಲ್ಲಿ ಲಿಂಗ, ಬಲಗೈ ತೊಡೆಯ ಮೇಲೆ ಖಾಲಿ. ಹೆಂಗಸರ ನಡುವೆ ನಾನು ಅವರ ಬಲಗಡೆಗೆ ಕೂತಿದ್ದೆ. ಗುಂಗುರು ಕೂದಲಿನ ಒಬ್ಬ ಹುಡುಗ ಬೆಳಿಗ್ಗೆಯೇ ಬಂದು ಗೋಡೆಗೆ ಒರಗಿ ನಿಂತಿದ್ದ. ಯಾರೂ ಅವನನ್ನು ಯಾರು ಎಂದು ಕೇಳಿರಲಿಲ್ಲ. ಹೊತ್ತೇರಿದ ಮೇಲೆ ಒಂದು ಕಾರು ಬಂತು. ಟೀವಿಯಲ್ಲಿ ನೋಡಿದ ಮುಖ. ಕ್ಯಾಪ್ಟನ್ ಮಂದಿಯನ್ನು ಸರಿಸಿಕೊಂಡು ಬಂದು, ಮಂಡಿಯೂರಿ, ಆ ಬಲಗೈಗೆ ಕೈ ಚಾಚಿದ.

ನನ್ನ ಕೈ ತಾನಾಗಿ ಅಡ್ಡ ಹೋಯಿತು. “ಆ ಹುಡುಗಗ ಹೇಳೀರೇನ್ರಿ?”

ಅವನು ತಲೆ ಎತ್ತಲಿಲ್ಲ. “ಇಲ್ರಿ,” ಎಂದ.

“ಅಗೋ, ಗ್ವಾಡಿ ಕಡೆ ನಿಂತಾನ. ಹೇಳಿ ಬರ್ರಿ. ಇವರು ಇಷ್ಟ ದಿನ ಕಾದಾರ, ಇನ್ನೀಟು ಕಾಯತಾರ.”

ಅವನು ಎದ್ದು ಗೋಡೆಯ ಕಡೆ ಹೋದ. ಏನೆಂದನೋ ಕೇಳಿಸಲಿಲ್ಲ. ಎರಡೂ ಕೈ ಮುಂದೆ ಚಾಚಿ ನಿಂತದ್ದು ಕಂಡಿತು. ಹುಡುಗ ಆ ಕೈಗಳನ್ನು ಹಿಡಿಯಲಿಲ್ಲ. ದೂರದಿಂದ ನಮಸ್ಕಾರ ಮಾಡಿದ. ಅದು ಅವನ ಹಕ್ಕು. ಕೇಳುವುದು ಕೇಳುವವನ ಕೆಲಸ, ಕೊಟ್ಟೇ ತೀರಬೇಕೆಂದು ಯಾವ ದೇವರೂ ಹೇಳಿಲ್ಲ.

ಕ್ಯಾಪ್ಟನ್ ತಿರುಗಿ ಬಂದ. ಮುಖ ತೊಯ್ದಿತ್ತು. “ಹೇಳಿದೆ. ಈಗ ಹಿಡೀಲೇನ್ರಿ ಅಕ್ಕಾರ?”

“ಹಿಡೀರಿ,” ಎಂದು ನಾನು ಬಲಗಡೆಯ ಜಾಗ ಬಿಟ್ಟು ಸರಿದು ಕೂತೆ.

ಅವನು ಎಡಗೈಯಲ್ಲಿ ಆ ಕೈ ಹಿಡಿದ. ನನ್ನ ಕೈಯಲ್ಲಿ ಕೂಡದ ಆ ಡೊಂಕು ಬೆರಳು ಅವನ ಬೆರಳುಗಳ ಸಂದಿಯಲ್ಲಿ ತಾನಾಗಿ ಹೋಗಿ ಕೂತಿತು.