ಹೊಸ ಮಾಡೆಲಿಗಾಗಿ ಕಾಯುತ್ತಾ

ಮದುವೆ ವಿಡಿಯೊ ಮುಗಿಯಲು ಇನ್ನೇನು ಸ್ವಲ್ಪ ಬಾಕಿ ಇರುವಾಗ ನನ್ನ ಎಡಿಟಿಂಗ್ ಕಂಪ್ಯೂಟರ್ ಮೂರನೇ ಸಲ ತಾನಾಗಿಯೇ ಆಫ್ ಆಯಿತು. ನಜರ್‌ಬಾದ್‌ನ ನನ್ನ ಸ್ಟುಡಿಯೊದಲ್ಲಿ ಎದುರಿಗೆ ಕುಳಿತಿದ್ದ ಮದುಮಗಳ ತಾಯಿ ಮತ್ತೆ ಗಡಿಯಾರ ನೋಡಿದರು. ಆಸ್ಪತ್ರೆಯಲ್ಲಿದ್ದ ಅವರ ಅತ್ತೆಯನ್ನು ನಾಲ್ಕು ಗಂಟೆಗೆ ಆಪರೇಷನ್‌ಗೆ ಕರೆದೊಯ್ಯುವವರಿದ್ದರು. ಅದಕ್ಕೆ ಮುಂಚೆ ಮೊಮ್ಮಗಳ ಧಾರೆ ನೋಡಲೇಬೇಕೆಂದು ಆ ಅಜ್ಜಿಯ ಹಟ. ಧಾರೆಯ ಭಾಗವನ್ನಷ್ಟೇ ತೆಗೆಯಲು ಹೋದರೂ ಮೆಷಿನ್ ನಿಲ್ಲುತ್ತಿತ್ತು. ಆಗಲೇ ಎರಡೂವರೆ.

“ಹಳೇ ಮೆಷಿನ್ ಅಮ್ಮ. ಹೊಸ ಮಾಡೆಲ್ ಬರ್ಲಿ ಅಂತ ಎರಡು ವರ್ಷದಿಂದ ಕಾಯ್ತಿದ್ದೀನಿ” ಎಂದೆ. ನಮ್ಮ ಕಸುಬಿನವರೆಲ್ಲ ಹೀಗೇ ಕಾಯುತ್ತಿದ್ದೇವೆ. ಸಿಕ್ಕಾಗಲೆಲ್ಲ ಇದೇ ಮಾತು.

ಅವರು ಎದ್ದು ಬಂದು ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿ ನೋಡಿದರು. “ನಮ್ದು ಬೋಗಾದೀಲಿ ಹಿಟ್ಟಿನ ಗಿರಣಿ ಸಾರ್. ಧೂಳು ಕೂತ್ರೆ ಮೋಟ್ರು ಹಿಂಗೇ ಕಾದು ನಿಂತೋಯ್ತದೆ. ಇದನ್ನ ಯಾವತ್ತಾದ್ರೂ ಬಿಚ್ಚಿ ಒರೆಸಿದ್ದೀರಾ?”

ಒರೆಸಿರಲಿಲ್ಲ. ಹೇಗೂ ಬದಲಾಯಿಸುವ ಮೆಷಿನ್ ಎಂದು ಎರಡು ವರ್ಷ ಅದರ ಸ್ಕ್ರೂ ಕೂಡ ಮುಟ್ಟಿರಲಿಲ್ಲ. ಬಿಚ್ಚಿದಾಗ ಒಳಗಿನ ಫ್ಯಾನಿಗೆ ಧೂಳು ಹತ್ತಿಯಂತೆ ಮೆತ್ತಿಕೊಂಡಿತ್ತು. ಅವರು ಮೊಬೈಲಿನ ಟಾರ್ಚ್ ಹಿಡಿದರು, ನಾನು ಬ್ರಷ್ ಆಡಿಸಿದೆ. ನಾಲ್ಕನೇ ಸಲ ಅದು ನಿಲ್ಲಲಿಲ್ಲ. ಮೂರು ನಲವತ್ತಕ್ಕೆ ವಿಡಿಯೊವನ್ನು ಮೊಬೈಲಿಗೆ ಹಾಕಿಸಿಕೊಂಡು ಅವರು ಓಡುತ್ತಲೇ ಆಟೊ ಹತ್ತಿದರು.

ಈಗ ಪ್ರತಿ ಸೋಮವಾರ ಮುಚ್ಚಳ ತೆಗೆದು ಒರೆಸುತ್ತೇನೆ. ಅವರ ನಂಬರ್ ನನ್ನ ಬಳಿಯೇ ಇದೆ. ಅಜ್ಜಿ ಧಾರೆ ನೋಡಿದರೇ ಎಂದು ಕೇಳಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ.