ಮೂವತ್ತೆರಡನೆಯ ಸಹಿಗೆ ಗಂಗಾವತಿಗೆ

ಗುರುವಾರ ಬೆಳಿಗ್ಗೆ ಆರೂಕಾಲಿಗೆ ಮಂಗಳೂರಿನಿಂದ ಹೊರಟೆ. ಇದು ಯಲಬುರ್ಗಾ ಸೀಮೆಯ ಮಂಗಳೂರು, ಇಲ್ಲಿ ಸಮುದ್ರವಿಲ್ಲ. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ದಿನಚರಿಯಲ್ಲಿ ಟಿಕೆಟ್ಟಿನ ಮುಂದೆ ಸೊನ್ನೆ ಬರೆದೆ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮತ್ತು ಕೌಶಲ ಪುಸ್ತಕ.

ನಮ್ಮ ಕಂಪ್ಯೂಟರ್ ಕೋರ್ಸಿನಲ್ಲಿ ಅಂಕಗಳಿಲ್ಲ. ಮೂವತ್ತೆರಡು ಕೌಶಲಗಳನ್ನು ಒಂದೊಂದಾಗಿ ಕೈಯಾರೆ ಮಾಡಿ ತೋರಿಸಬೇಕು. ಪರೀಕ್ಷಕರು ಪುಸ್ತಕದಲ್ಲಿ ‘ಬರುತ್ತದೆ’ ಅಥವಾ ‘ಇನ್ನೂ ಇಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ. ನನಗೆ ಉಳಿದಿದ್ದು ಒಂದೇ: ಕೆಟ್ಟ ಕಂಪ್ಯೂಟರಿನ ದೋಷ ಹುಡುಕಿ ಸರಿಪಡಿಸುವುದು. ಕಳೆದ ಸಲ ಹನ್ನೊಂದೇ ನಿಮಿಷದಲ್ಲಿ ಸರಿಪಡಿಸಿದ್ದೆ, ಆದರೆ ಪ್ಲಗ್ ಕೀಳದೆ ಪೆಟ್ಟಿಗೆ ಬಿಚ್ಚಿದ್ದೆ. ‘ಇನ್ನೂ ಇಲ್ಲ.’ ನಮ್ಮೂರಿನ ಕೇಂದ್ರದಲ್ಲಿ ಕರೆಂಟು ಇದ್ದಾಗ ಎಲ್ಲರಿಗೂ ಟೈಪಿಂಗ್ ಬೇಕು. ಬಿಚ್ಚುವ ಕೆಲಸವೆಲ್ಲ ಕರೆಂಟು ಹೋದ ಮೇಲೆ. ಹಾಗಾಗಿ ಪ್ಲಗ್ ಕೀಳುವುದು ನನ್ನ ಕೈಗೆ ರೂಢಿಯಾಗಿರಲೇ ಇಲ್ಲ.

ಕೊಪ್ಪಳದಲ್ಲಿ ಕುಷ್ಟಗಿಯ ಗೆಳತಿ ಶಬಾನಾ ಸೇರಿಕೊಂಡಳು. ಅವಳ ಪುಸ್ತಕ ಹೋದ ತಿಂಗಳೇ ತುಂಬಿತ್ತು. ನನಗೆ ಜೊತೆಯಾಗಲೆಂದೇ ಬಂದಿದ್ದಳು. ನಿಲ್ದಾಣದ ಎದುರು ಮಂಡಕ್ಕಿ, ಮಿರ್ಚಿ ತಿಂದೆವು.

“ನಾ ಎಷ್ಟು ಮಿರ್ಚಿ ತಿಂದ್ನಿ ಅಂತಾನೂ ಬರಿತೀಯೇನಲೇ?” ಎಂದಳು.

“ಬರದೀನಿ. ನಾಕು.”

“ಮೂರು ಅಂತ ಬರಿ. ನಮ್ಮವ್ವ ನೋಡಿದ್ರ ಬೈತಾಳ.”

ಗಿಣಿಗೇರಾ ಬಂದಾಗ ನಾನು ಕಿಟಕಿಯಿಂದ ಮುಖ ತಿರುಗಿಸಿದೆ. ಅಲ್ಲಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ನನ್ನನ್ನು ಆರಿಸಿದ್ದರು. ಸೋಮವಾರ ತುಂಬಿದ ಪುಸ್ತಕ ತೋರಿಸಿದರೆ ಮಾತ್ರ ಕೆಲಸ. ಮುಂದೆ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿಗಳು. ಹತ್ತು ಗಂಟೆಗೆ ಗಂಗಾವತಿ ಮುಟ್ಟಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು.

ಪರೀಕ್ಷಾ ಕೇಂದ್ರದಲ್ಲಿ ನನ್ನ ಸರದಿ ಬರುವಾಗ ಮಧ್ಯಾಹ್ನ ದಾಟಿತ್ತು. ನಲವತ್ತು ನಿಮಿಷ ಕೊಟ್ಟರು. ಕಂಪ್ಯೂಟರ್ ಬರೀ ಬೀಪ್ ಎನ್ನುತ್ತಿತ್ತು. ಮೊದಲು ಪ್ಲಗ್ ಕಿತ್ತೆ. ಮೆಮೊರಿ ಪಟ್ಟಿ ಸಡಿಲವಾಗಿತ್ತು. ಅದರ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ, ಒತ್ತಿ ಕೂರಿಸಿದೆ. ಇಪ್ಪತ್ತೆಂಟನೆಯ ನಿಮಿಷಕ್ಕೆ ಯಂತ್ರ ಶುರುವಾಯಿತು. ವರದಿಯಲ್ಲಿ ಅಂದಿನ ತಾರೀಖು ಬರೆದು ಪರದೆ ನೋಡಿದೆ: ಅಲ್ಲಿ ಎಷ್ಟೋ ವರ್ಷ ಹಿಂದಿನ ಜನವರಿ ಒಂದು!

ಕೈ ಎತ್ತಿ ಮುಗಿಯಿತೆನ್ನಬಹುದಿತ್ತು. ತಪ್ಪು ತಾರೀಖು ಕಂಡೂ ಬಿಡಲು ಮನಸ್ಸಾಗಲಿಲ್ಲ. ಅವಸರದಲ್ಲಿ ಕೈ ನೇರ ಪೆಟ್ಟಿಗೆಗೇ ಹೋಯಿತು. ಅಲ್ಲೇ ತಡೆದು, ಯಂತ್ರ ಆರಿಸಿ, ಪ್ಲಗ್ ಕಿತ್ತೆ. ತಾರೀಖು ನೆನಪಿಡಲೆಂದು ಒಳಗಿದ್ದ ನಾಣ್ಯದಂಥ ಸೆಲ್ ತೆಗೆದು ಮೀಟರಿಗೆ ಹಿಡಿದೆ. ಸತ್ತಿತ್ತು. ಅದನ್ನೂ ವರದಿಗೆ ಸೇರಿಸಿ ಮೂವತ್ತೆಂಟನೆಯ ನಿಮಿಷಕ್ಕೆ ಕೈ ಎತ್ತಿದೆ.

ಪರೀಕ್ಷಕರು ಎರಡು ಸಲ ಓದಿದರು. “ಮೆಮೊರಿ ನಾನಽ ಸಡಿಲ ಮಾಡಿಟ್ಟಿದ್ದೆ. ಈ ಸೆಲ್ ಯಾರು ಕೆಡಿಸ್ಯಾರವ್ವಾ?”

“ತಾನಽ ಕೆಟ್ಟೈತ್ರಿ ಸರ್.”

“ಬೆಳಿಗ್ಗಿಂದ ಆರು ಮಂದಿ ಇದರ ಮುಂದ ಕುಂತು ಎದ್ದು ಹೋಗ್ಯಾರ. ನನಗೂ ಕಾಣಲಿಲ್ಲ ನೋಡು.” ನಕ್ಕು, ಪುಸ್ತಕ ಎಳೆದುಕೊಂಡು ‘ಬರುತ್ತದೆ’ ಎಂದು ಬರೆದು ಸಹಿ ಹಾಕಿದರು.

ಹೊರಗೆ ಕಾದಿದ್ದ ಶಬಾನಾ ಪುಟವನ್ನು ಬಿಸಿಲಿಗೆ ಹಿಡಿದು ನೋಡಿದಳು. “ಖರೇನ ಐತಿ! ಇವತ್ತು ಐದು ಮಿರ್ಚಿ ತಿಂತೀನಿ, ಬರಕೋ.”

ಹಿಂತಿರುಗುವಾಗ ಗಿಣಿಗೇರಾದಲ್ಲಿ ನಾನೇ ಕಿಟಕಿ ಪಕ್ಕ ಕೂತೆ. ಚಿಮಣಿಗಳನ್ನು ಎಣಿಸತೊಡಗಿದೆ. ಎಣಿಕೆ ನಾಲ್ಕಕ್ಕೆ ಬರುವಷ್ಟರಲ್ಲಿ ಬಸ್ಸು ಹೊರಟಿತು. ದಿನಚರಿಯಲ್ಲಿ ಅಷ್ಟನ್ನೇ ಬರೆದು ಪಕ್ಕದಲ್ಲಿ ಜಾಗ ಬಿಟ್ಟೆ. ಉಳಿದವನ್ನು ಸೋಮವಾರ ಎಣಿಸಿದರಾಯಿತು.